ಎಲೆಕ್ಟ್ರಿಕ್ ಪಿಕಪ್‌ಗೆ ಕ್ಯಾಂಪರ್ ಶೆಲ್ ಕೂರಿಸುವವರಿಗೆ

ಅಮೆರಿಕದಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ಇಟ್ಟುಕೊಂಡಿರುವ ಗೆಳೆಯರೇ, ಕ್ಯಾಂಪರ್ ಶೆಲ್ (ಗಾಡಿಯ ಹಿಂಭಾಗದ ಮೇಲೆ ಕೂರಿಸುವ, ಒಳಗೆ ಮಲಗಬಹುದಾದ ಗೂಡು) ಕೊಳ್ಳುವ ಮೊದಲು ಡ್ರೈವರ್ ಬಾಗಿಲು ತೆಗೆದು ಒಳಗಿನ ಸ್ಟಿಕ್ಕರ್ ಓದಿ. ಜನ, ಸಾಮಾನು ಸೇರಿ ಗಾಡಿ ಎಷ್ಟು ತೂಕ ಹೊರಬಹುದು ಅಂತ ಅದರಲ್ಲಿರುತ್ತೆ. ಶೆಲ್ ತೂಕವನ್ನೂ ಅದರಲ್ಲೇ ಕಳೆಯಬೇಕು. ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ) ಉದ್ದ ಐದೂವರೆ ಅಡಿ, ಶೆಲ್ ಅದಕ್ಕೇ ಹೊಂದಬೇಕು.

ದಯವಿಟ್ಟು ಸುಮ್ನೆ ಎಲ್ಲೆಂದರಲ್ಲಿ ಡ್ರಿಲ್ ಮಾಡಬೇಡಿ. ಕೆಳಗೆ ಬ್ಯಾಟರಿ ಇದೆ ಅಲ್ವಾ? ಕಿತ್ತಳೆ ಬಣ್ಣದ ವೈರ್ ಕಂಡರೆ ಮುಟ್ಟಲೇಬೇಡಿ, ಅದು ಹೈ ವೋಲ್ಟೇಜ್. ಶೆಲ್ ಹಿಡಿದಿಡೋಕೆ ಕ್ಲ್ಯಾಂಪ್ ಸಾಕು. ನೂರಿನ್ನೂರು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಜಾಸ್ತಿ ತೊಂದರೆ ಕೊಡೋದು ನೀರು. ಶೆಲ್ ಕೂರುವ ಬೆಡ್ ಅಂಚಿಗೆ, ನೀರು ತಡೆಯೋಕೆ, ನಾನು ಧೂಳು ಒರೆಸದೆ ಫೋಮ್ ಟೇಪ್ ಅಂಟಿಸಿದ್ದೆ. ಮೊದಲ ಮಳೆಗೇ ಮುಂದಿನ ಮೂಲೆಯಿಂದ ನೀರು ಇಳಿದು ಹಾಸಿಗೆಯ ತುದಿ ತೊಪ್ಪೆಯಾಯಿತು. ಬೆಡ್ ಅಂಚನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಟೇಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಶೆಲ್ ಕೂರಿಸುವಾಗ ನಡುವೆ ಅಲ್ಲಲ್ಲಿ ಕಾಗದದ ಚೂರು ಇಡಿ. ಕ್ಲ್ಯಾಂಪ್ ಬಿಗಿದ ಮೇಲೆ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿಯಿದೆ.

ಕ್ಯಾಬಿನ್ ಹಿಂದಿನ ಮೂರನೇ ಬ್ರೇಕ್ ಲೈಟ್ ಮರೆಯಾಗುತ್ತೆ, ಶೆಲ್‌ನ ಲೈಟಿಗೆ ಕನೆಕ್ಷನ್ ಕೊಡಿಸೋದು ಮರೀಬೇಡಿ.