ನೀರು ಕಡಿಮೆ ಕುಡಿಯಿರಿ ಎಂದು ಹೇಳಬೇಕಾದ ಬೇಸಿಗೆ

ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸಣ್ಣ ಕರುಳಿನ ಬಹುಭಾಗ ಕೊಳೆತಿದ್ದ ಸಿಂಧನೂರು ಕಡೆಯ ರೈತರೊಬ್ಬರಿಗೆ ನಾನು ರಾಯಚೂರಿನಲ್ಲಿ ತುರ್ತು ಶಸ್ತ್ರಚಿಕಿತ್ಸೆ ಮಾಡಿ, ಉಳಿದ, ಸಣ್ಣ ಕರುಳಿನ ಮಧ್ಯಭಾಗವಾದ ಸುಮಾರು 110 ಸೆಂಟಿಮೀಟರ್ ಜೆಜುನಮ್‌ನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಕರುಳಿನ ದ್ರವ ಹಿಡಿಯುವ ಚೀಲ ಅಂಟಿಸಿದ್ದೆ. ವಯಸ್ಕರಲ್ಲಿ ಸಣ್ಣ ಕರುಳು 200 ಸೆಂಟಿಮೀಟರಿಗಿಂತ ಕಡಿಮೆ ಉಳಿದರೆ ಅದನ್ನು ಶಾರ್ಟ್ ಬವೆಲ್ ಎನ್ನುತ್ತೇವೆ. ಏಪ್ರಿಲ್ ತಿಂಗಳ ಬಿಸಿಲನ್ನು ನೆನೆದು, ಮನೆಗೆ ಹೊರಟವರಿಗೆ ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳಿ ಕಳಿಸಿದ್ದು ನನ್ನ ತಪ್ಪು. ಹತ್ತನೆಯ ದಿನ ಅವರು ನಾಲಿಗೆ ಒಣಗಿ, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುವ ಸ್ಥಿತಿಯಲ್ಲಿ ಮರಳಿ ಬಂದರು. ಚೀಲಕ್ಕೆ ದಿನಕ್ಕೆ ಮೂರು ಲೀಟರ್ ಇಳಿಯುತ್ತಿತ್ತು. ಮೂತ್ರ 400 ಮಿಲಿಲೀಟರ್ ದಾಟಿರಲಿಲ್ಲ, ಅದರಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆಯಿತ್ತು.

ಜೆಜುನಮ್‌ನೊಳಕ್ಕೆ ಉಪ್ಪಿಲ್ಲದ ನೀರು ಬಂದರೆ ರಕ್ತದಲ್ಲಿನ ಸೋಡಿಯಂ ಕರುಳಿಗೆ ಇಳಿಯುತ್ತದೆ, ಅದರ ಹಿಂದೆಯೇ ಮೈಯ ನೀರೂ ಇಳಿಯುತ್ತದೆ. ಹೀಗಾಗಿ ಅವರು ಕುಡಿದಷ್ಟೂ ಬಾಯಾರುತ್ತಿದ್ದರು. ಸಲೈನ್ ಕೊಟ್ಟು ಚೇತರಿಸಿದ ಮೇಲೆ ಬರೀ ನೀರು, ಚಹಾ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಮಾತ್ರ ಎಂದೆ. "ಈ ಬಿಸಲಾಗ ನೀರು ಬ್ಯಾಡಂದ್ರ ಹ್ಯಾಂಗ್ರಿ ಸಾಹೇಬ್ರ?" ಎಂದು ಅವರ ಹೆಂಡತಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಂಗಡಿಯ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇರುತ್ತದೆ. ಭೇದಿಗೆ ಅದು ಸಾಕು, ಇಂಥವರಿಗೆ ಕನಿಷ್ಠ 90 ಬೇಕು. ಆದ್ದರಿಂದ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿದೆವು; ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು. ಆಕೆ ಅದನ್ನು ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟು, ಗುಟುಕು ಗುಟುಕಾಗಿ ದಿನವಿಡೀ ಕುಡಿಸಿದರು.

ಕರುಳಿನ ಓಟ ನಿಧಾನಿಸಲು ಊಟಕ್ಕೆ ಅರ್ಧ ಗಂಟೆ ಮೊದಲು ಲೋಪೆರಮೈಡ್, ಜಠರದ ಆಮ್ಲ ತಗ್ಗಿಸಲು ಒಮೆಪ್ರಜೋಲ್ ಕೊಟ್ಟೆ. ಒಂದು ದಿನ ನರ್ಸ್ ಚೀಲ ಖಾಲಿ ಮಾಡುವಾಗ ಲೋಪೆರಮೈಡ್ ಕ್ಯಾಪ್ಸೂಲ್ ನುಂಗಿದ ಹಾಗೆಯೇ ಇಡಿಯಾಗಿ ಸಿಕ್ಕಿತು; ಅಂದಿನಿಂದ ಅದನ್ನು ಬಿಚ್ಚಿ ಪುಡಿಯನ್ನು ಅನ್ನದ ಮೇಲೆ ಉದುರಿಸಿದೆವು. ಜೋಳದ ರೊಟ್ಟಿಯ ಬದಲು ಉಪ್ಪು ಮುಂದಾದ ಮೆತ್ತನೆಯ ಅನ್ನ ತಿಂದರು. ಬೆರಳು ಸೆಡೆತುಕೊಂಡಾಗ ರಕ್ತದಲ್ಲಿ ಮೆಗ್ನೀಷಿಯಂ ಇಳಿದಿರುವುದು ಕಂಡು ಅದನ್ನು ಡ್ರಿಪ್ ಮೂಲಕ ಕೊಡಬೇಕಾಯಿತು. ಮೂರು ವಾರಗಳಲ್ಲಿ ಚೀಲದ ಪ್ರಮಾಣ ಒಂದೂವರೆ ಲೀಟರಿಗೆ ಇಳಿದು, ಮೂತ್ರ ಒಂದು ಲೀಟರ್ ದಾಟಿತು. ಬಿ12 ಹೀರುವ ಇಲಿಯಮ್, ಅಂದರೆ ಸಣ್ಣ ಕರುಳಿನ ಕೊನೆಯ ಭಾಗ, ಇಲ್ಲದ ಕಾರಣ ಬಿ12 ಚುಚ್ಚುಮದ್ದು ಮಾತ್ರ ಜೀವನಪರ್ಯಂತ.

ಆರು ತಿಂಗಳ ನಂತರ ಜೆಜುನಮ್ಮನ್ನು ದೊಡ್ಡ ಕರುಳಿಗೆ ಜೋಡಿಸಿದೆ. ದೊಡ್ಡ ಕರುಳು ಉಪ್ಪನ್ನೂ ನೀರನ್ನೂ ಹೀರುವುದರಿಂದ ನೀರಿನ ನಿರ್ಬಂಧ ಸಡಿಲವಾಯಿತು, ಆದರೆ ಮೂತ್ರಪಿಂಡದ ಕಲ್ಲಿನ ಭಯ ಶುರುವಾಯಿತು: ಜೀರ್ಣವಾಗದ ಕೊಬ್ಬು ಕ್ಯಾಲ್ಸಿಯಂ ಹಿಡಿದುಕೊಂಡಾಗ, ಅದಕ್ಕೆ ಅಂಟಿಕೊಂಡು ಹೊರಹೋಗಬೇಕಾದ, ಪಾಲಕ್, ಶೇಂಗಾದಲ್ಲಿ ಹೆಚ್ಚಿರುವ ಆಕ್ಸಲೇಟ್ ಒಂಟಿಯಾಗಿ ದೊಡ್ಡ ಕರುಳಿನಿಂದ ರಕ್ತ ಸೇರಿ, ಮೂತ್ರದಲ್ಲಿ ಕಲ್ಲಾಗುತ್ತದೆ. ಪಾಲಕ್ ಬಿಡಲು ಅವರು ಕೂಡಲೇ ಒಪ್ಪಿದರು. ಶೇಂಗಾ ಹಿಂಡಿ (ಚಟ್ನಿಪುಡಿ) ಬಿಡಿಸುವುದು ನೀರು ಬಿಡಿಸಿದ್ದಕ್ಕಿಂತ ಕಷ್ಟವಾಯಿತು. ಕೊನೆಗೆ ದಿನಕ್ಕೆ ಒಂದು ಚಮಚ, ಅದೂ ಕ್ಯಾಲ್ಸಿಯಂ ಇರುವ ಗಟ್ಟಿ ಮೊಸರಿನಲ್ಲಿ ಕಲಸಿ, ಎಂಬಲ್ಲಿಗೆ ಇಬ್ಬರೂ ರಾಜಿಯಾದೆವು.