ಐಸ್‌ಲ್ಯಾಂಡ್, ಫಿನ್‌ಲ್ಯಾಂಡ್, ಫರೋ: ಬೇರೆ ಬೇರೆ ಕಾಲದ ತಂಡಗಳನ್ನು ನಾನು ಹೋಲಿಸಿದ ಬಗೆ

ಉತ್ತರ ಯುರೋಪಿನ ಸಣ್ಣ ಫುಟ್‌ಬಾಲ್ ತಂಡಗಳ ಹಳೆಯ ಫಲಿತಾಂಶಗಳನ್ನು ಕಲೆಹಾಕಲು ಕುಳಿತಾಗ ನಾನು ಮೊದಲು ಮಾಡಿದ್ದು, ಸೌಹಾರ್ದ ಪಂದ್ಯಗಳನ್ನೆಲ್ಲ ಬೇರೊಂದು ಹಾಳೆಗೆ ಸರಿಸಿದ್ದು. 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಎದುರು ಐಸ್‌ಲ್ಯಾಂಡ್ 14-2ರಿಂದ ಸೋತದ್ದನ್ನು ಆ ಕಾಲದ ಅಳತೆಗೋಲೆಂಬಂತೆ ಹೇಳುವವರು ಬಹಳ ಮಂದಿ. ಆದರೆ ಅದು ಸೌಹಾರ್ದ ಪಂದ್ಯ. 1975ರಲ್ಲಿ, ಯೂರೋ ಕಪ್ ಅರ್ಹತಾ ಸುತ್ತಿನಲ್ಲಿ, ಅದೇ ಐಸ್‌ಲ್ಯಾಂಡ್ ರೇಕ್ಯಾವಿಕ್‌ನಲ್ಲಿ ಪೂರ್ವ ಜರ್ಮನಿಯನ್ನು 2-1ರಿಂದ ಮಣಿಸಿತು. ಆ ಪೂರ್ವ ಜರ್ಮನಿಯಾದರೋ ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯನ್ನು ಅದೇ ಟೂರ್ನಿಯಲ್ಲಿ ಸೋಲಿಸಿದ್ದ ತಂಡ.

ಎದುರಾಳಿಯ ಬಲವನ್ನು ಅಳೆಯಲು ನಾನು ಎಲೊ ರೇಟಿಂಗ್ ಬಳಸಿದೆ, ಅಂದರೆ ಪ್ರತಿ ಪಂದ್ಯದ ಫಲಿತಾಂಶ ಮತ್ತು ಎದುರಾಳಿಯ ಬಲ ನೋಡಿ ತಂಡದ ಅಂಕವನ್ನು ಏರಿಳಿಸುವ ಪದ್ಧತಿ. ಅದರಲ್ಲಿ ತವರಿನಲ್ಲಿ ಆಡುವ ತಂಡಕ್ಕೆ 100 ಅಂಕ ಕೂಡಿಸಿ ಲೆಕ್ಕ ಹಾಕುತ್ತಾರೆ. ಸಮಬಲದ ಎರಡು ತಂಡಗಳು ಆಡಿದರೆ ತವರಿನ ತಂಡದ ನಿರೀಕ್ಷಿತ ಫಲ (ಗೆಲುವಿಗೆ 1, ಡ್ರಾಗೆ ಅರ್ಧ ಎಂಬ ಲೆಕ್ಕದಲ್ಲಿ) ಇದರಿಂದ 0.50 ಇದ್ದದ್ದು 0.64ಕ್ಕೆ ಏರುತ್ತದೆ. ಫರೋ ದ್ವೀಪಗಳ ಮೊದಲ ಅರ್ಹತಾ ಪಂದ್ಯಕ್ಕೆ ಬಂದಾಗ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕುವಂತಿರಲಿಲ್ಲ. 1990ರ ಸೆಪ್ಟೆಂಬರ್ 12ರಂದು ಆಸ್ಟ್ರಿಯಾ ಎದುರಿನ ಆ ಪಂದ್ಯ ಕಾಗದದ ಮೇಲೆ ಫರೋ ತಂಡದ ತವರಿನ ಪಂದ್ಯ. ದ್ವೀಪಗಳಲ್ಲಿ ತಕ್ಕ ಹುಲ್ಲಿನ ಮೈದಾನ ಇಲ್ಲದ ಕಾರಣ ಅದು ನಡೆದದ್ದು ಸ್ವೀಡನ್ನಿನ ಲಾಂಡ್ಸ್‌ಕ್ರೂನಾದಲ್ಲಿ. ಹಾಗಾಗಿ ಆ 100 ಅಂಕಗಳನ್ನು ನಾನು ಕೊಡಲಿಲ್ಲ. ಟೋರ್ಕಿಲ್ ನೀಲ್ಸನ್ ಅವರ ಒಂದೇ ಗೋಲಿನಿಂದ ಬಂದ ಆ 1-0 ಗೆಲುವು, 2025ರಲ್ಲಿ ಜೆಕ್ ಗಣರಾಜ್ಯವನ್ನು ತಮ್ಮದೇ ಟೋರ್ಸ್‌ಹಾವ್ನ್‌ನಲ್ಲಿ 2-1ರಿಂದ ಸೋಲಿಸಿದ್ದಕ್ಕಿಂತ ದೊಡ್ಡದೆಂದೇ ನನ್ನ ಎಣಿಕೆ. ಆದರೆ 1990ರದ್ದು ಒಂಟಿ ಗೆಲುವು. 2025ರ ತಂಡ ಅದೇ ಅರ್ಹತಾ ಸುತ್ತಿನಲ್ಲಿ ಮಾಂಟೆನೆಗ್ರೊವನ್ನೂ 4-0ರಿಂದ ಸೋಲಿಸಿತ್ತು.

ಇನ್ನೊಂದು ಕಾಲಂನಲ್ಲಿ, ಆ ಟೂರ್ನಿಯಲ್ಲಿ ಒಟ್ಟು ಎಷ್ಟು ತಂಡಗಳಿಗೆ ಜಾಗವಿತ್ತು ಎಂದು ಬರೆದುಕೊಂಡೆ. ಯೂರೋ ಕಪ್‌ನಲ್ಲಿ 1992ರವರೆಗೆ ಇದ್ದ 8 ಸ್ಥಾನ 1996ರಲ್ಲಿ 16 ಆಯಿತು, 2016ರಲ್ಲಿ 24 ಆಯಿತು. ಆದ್ದರಿಂದ ಐಸ್‌ಲ್ಯಾಂಡ್ 2016ರಲ್ಲಿ ನೀಸ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ್ದಕ್ಕಿಂತಲೂ 2018ರ ವಿಶ್ವಕಪ್‌ಗೆ ಅರ್ಹತೆ ಪಡೆದದ್ದೇ ನನಗೆ ಹೆಚ್ಚು ತೂಕದ ಸಾಕ್ಷ್ಯ. 1998ರಿಂದಲೂ ಇಡೀ ಜಗತ್ತಿಗೆ 32 ಸ್ಥಾನಗಳಷ್ಟೇ ಇದ್ದ ಆ ಟೂರ್ನಿಗೆ ಅವರು ಕ್ರೊಯೇಷಿಯಾ, ಉಕ್ರೇನ್, ಟರ್ಕಿಗಳನ್ನು ಹಿಂದಿಕ್ಕಿ ಗುಂಪಿನ ಅಗ್ರಸ್ಥಾನಿಯಾಗಿ ಹೋದರು. ಎರಡನೆಯದಾಗಿದ್ದ ಕ್ರೊಯೇಷಿಯಾ ಮುಂದೆ ಫೈನಲ್ ಆಡಿತು.

ಇದೇ ಕಾಲಂ ಫಿನ್‌ಲ್ಯಾಂಡ್ ಬಗೆಗಿನ ನನ್ನ ನೋಟವನ್ನು ಪೂರ್ತಿ ಬದಲಿಸಿತು. ಲಿಟ್ಮಾನೆನ್, ಹೂಪಿಯಾ ಅವರಂತಹ ಆಟಗಾರರಿದ್ದೂ ಯಾವ ಟೂರ್ನಿಗೂ ಹೋಗದ ತಂಡ ಅದು. ಮುಂದೆ ಮುಂಪಡೆ ಆಟಗಾರ ಪುಕ್ಕಿ ಕಾಲದ ತಂಡ ಗುಂಪಿನಲ್ಲಿ ಇಟಲಿಯ ಹಿಂದೆ ಎರಡನೆಯದಾಗಿ, 2021ರಲ್ಲಿ ನಡೆದ ಯೂರೋ 2020ಕ್ಕೆ ನೇರವಾಗಿ ಹೋಯಿತು. 1997ರಲ್ಲಿ, ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ, ಎರಡನೆಯ ಸ್ಥಾನಕ್ಕೆ ಸಿಗುತ್ತಿದ್ದುದು ಬಹುತೇಕ ಪ್ಲೇಆಫ್ (ಅರ್ಹತೆಗಾಗಿ ಇನ್ನೊಂದು ಹಣಾಹಣಿ) ಮಾತ್ರ, ಅದನ್ನೂ ಫಿನ್‌ಲ್ಯಾಂಡ್ ಹೆಲ್ಸಿಂಕಿಯಲ್ಲಿ ಹಂಗೆರಿ ಎದುರು ಕೊನೆಯ ಕ್ಷಣದ ಸ್ವಂತ ಗೋಲಿನಿಂದ ಕಳೆದುಕೊಂಡು, ಹಂಗೆರಿಯ 12 ಅಂಕಗಳಿಗೆ ಎದುರಾಗಿ 11ರಲ್ಲಿ ನಿಂತಿತು. ಆ ತಂಡವನ್ನು 2021ರ ತಂಡಕ್ಕಿಂತ ಕೆಳಗಿಡಲು ನನಗೆ ಯಾವ ಆಧಾರವೂ ಸಿಗಲಿಲ್ಲ.