ಕಾಫಿ ಕುಯ್ಲಿನ ಟೈಮಲ್ಲಿ ಕೈಕಾಲಿನ ಮರ್ಮ ಗುರುತಿಸೋದು ಹೇಗೆ

ಸೋಮವಾರಪೇಟೆ ಕಡೆ ಕಾಫಿ ಕುಯ್ಲು ಶುರುವಾದ್ರೆ ಸಂಜೆಗೆ ಎಲ್ರ ಬಾಯಲ್ಲೂ ಕೈ ನೋವು ಕಾಲು ನೋವು ಅನ್ನೋದೇ ಮಾತು, ಅದಕ್ಕೆ ಇದನ್ನ ಬರೀತಿದೀನಿ. ಸುಶ್ರುತ ಸಂಹಿತೆ ಅನ್ನೋ ಹಳೇ ಆಯುರ್ವೇದ ಗ್ರಂಥದಲ್ಲಿ 107 ಮರ್ಮ ಹೇಳಿದಾರೆ, ಅಂದ್ರೆ ಮೈಯಲ್ಲಿ ಮಾಂಸ, ಸಿರಾ (ರಕ್ತನಾಳ), ಸ್ನಾಯು (ಕಟ್ಟುನಾರು), ಅಸ್ಥಿ (ಮೂಳೆ), ಸಂಧಿ (ಕೀಲು) ಕೂಡೋ ಜಾಗಗಳು. ಏಟು ಬಿದ್ರೆ ಅಪಾಯ ಅಂತ ಕೊಟ್ಟ ಎಚ್ಚರಿಕೆ ಅದು, ಸಿಕ್ಕಾಪಟ್ಟೆ ಒತ್ತೋಕೆ ಅಲ್ಲ.

ಮೊದಲು ಕ್ಷಿಪ್ರ ಮರ್ಮ. ಹೆಬ್ಬೆರಳು ತೋರುಬೆರಳು ಜೋಡಿಸಿ ನೋಡಿ, ಮಧ್ಯೆ ಮಾಂಸ ಉಬ್ಬುತ್ತಲ್ಲ, ಅಲ್ಲೇ. ಮಣಿಕಟ್ಟಲ್ಲಿ ನಾಡಿ ಹಿಡಿದು ನೋಡ್ತೀವಲ್ಲ ಆ ರಕ್ತನಾಳನೇ ಸುತ್ತಿ ಬಂದು ಇಲ್ಲಿಂದ ಅಂಗೈ ಒಳಗೆ ತೂರುತ್ತೆ, ಹಂಗಾಗಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಮಾಡುವಾಗ ಕತ್ತಿ ಇಲ್ಲಿ ಆಳವಾಗಿ ತಾಗಿದ್ರೆ ರಕ್ತ ಬೇಗ ನಿಲ್ಲಲ್ಲ. ಕಾಫಿಪುಡಿ, ಅರಿಶಿನ ಏನೂ ಮೆತ್ತಬೇಡಿ ದಯವಿಟ್ಟು. ಶುಭ್ರ ಬಟ್ಟೆ ಇಟ್ಟು ಬಿಡದೆ ಗಟ್ಟಿಯಾಗಿ ಒತ್ತಿ, ಕೈ ಎದೆಗಿಂತ ಮೇಲೆತ್ತಿ, ಜೀಪು ಸಿಕ್ಕಿದ ತಕ್ಷಣ ಆಸ್ಪತ್ರೆಗೆ ಹೊರಡಿ.

ಬರೀ ದಣಿವಿನ ನೋವಾದ್ರೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ಒಂದೆರಡು ನಿಮಿಷ ತಿಕ್ಕಿದ್ರೆ ಸಾಕು.

ಕಾಲಲ್ಲಿ ಇಂದ್ರಬಸ್ತಿ, ಮೀನಖಂಡದ ನಡುವೆ ಬರುತ್ತೆ. ಇಳಿಜಾರು ತೋಟದಲ್ಲಿ ಹತ್ತಿ ಇಳಿದವರಿಗೆ ಹಿಡ್ಕೊಳೋದು ಇಲ್ಲೇ, ಇಲ್ಲೂ ಹಂಗೇ ಮೆಲ್ಲಗೆ ತಿಕ್ಕಿ. ಆದ್ರೆ ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಗಾಗಿದ್ರೆ ಮುಟ್ಟಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದ್ರೆ ಅದು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಅವತ್ತೇ ಡಾಕ್ಟರಿಗೆ ತೋರಿಸಿ.

ಕಣತಲೆಯ ಶಂಖ ಮರ್ಮಕ್ಕಂತೂ ಬಲ ಹಾಕಬೇಡಿ. ಅಲ್ಲಿ ಮೂಳೆ ತೆಳು, ಕೆಳಗೇ ರಕ್ತನಾಳ.